ಗದ್ದೆ ಟ್ರ್ಯಾಕಿಗೆ ಮೂರನೇ ಗೇರ್: ನನ್ನ ಜಿಪ್ಸಿ ಅನುಭವ

"ಮೂರನೇ ಗೇರಿನಲ್ಲೇ ತಿರುವಿಗೆ ಹೋಗು, ಎರಡಕ್ಕೆ ಇಳಿಸಬೇಡ" ಅಂದಾಗ ನಮ್ಮ ಗಾಡಿ ಓಡಿಸುವ ನನ್ನ ಮಾವನ ಮಗ ನನ್ನ ಮುಖ ನೋಡಿದ. "ಭಾವ, ಗಾಡಿ ಏಳೋದೇ ಇಲ್ಲ" ಅಂದ. ಪಕ್ಕದಲ್ಲಿ ಟೈರ್ ಬಿಚ್ಚುತ್ತಿದ್ದ ಇಬ್ಬರು ಜೋರಾಗಿ ನಕ್ಕರು. ಅವತ್ತು ಸಂಜೆ ಗದ್ದೆ ರೇಸಿನ ನಮ್ಮ ವಿಭಾಗದಲ್ಲಿ ನಮ್ಮದೇ ಗಾಡಿ ಮೊದಲು ಬಂತು. ಅದಾಗಿ ಎರಡು ಸೀಸನ್ ಆಯಿತು. ನಕ್ಕವರಲ್ಲಿ ಒಬ್ಬರು ಕಳೆದ ತಿಂಗಳು ಫೋನ್ ಮಾಡಿ "ಏನು ಮಾಡಿದ್ರಿ ಹೇಳಿ" ಅಂದರು. ಎಲ್ಲರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲೇ ಬರೆಯುತ್ತಿದ್ದೇನೆ.

ಗಾಡಿ ನಿಮಗೆಲ್ಲ ಗೊತ್ತಿರುವುದೇ, 16 ವಾಲ್ವಿನ 1.3 ಲೀಟರ್ ಮಾರುತಿ ಜಿಪ್ಸಿ ಕಿಂಗ್. ಮುಂದಿನ ಹಬ್ ಫ್ರೀ ಮಾಡಿ ಹಿಂದಿನ ಎರಡು ಚಕ್ರದಲ್ಲೇ ಓಡಿಸುತ್ತೇವೆ. ಹಿಂದಿನ ಡಿಫರೆನ್ಷಿಯಲ್ ವೆಲ್ಡ್ ಮಾಡಿದ್ದು, ಹಾಗಾಗಿ ಹಿಂದಿನ ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗುತ್ತವೆ. ನಾವು ಜಾಸ್ತಿ ಹೋಗುವುದು ಕೊಡಗಿನ ಗೋಣಿಕೊಪ್ಪ, ಅಮ್ಮತ್ತಿ ಕಡೆ. ಭತ್ತದ ಕೊಯ್ಲು ಮುಗಿದ ಮೇಲೆ ಗದ್ದೆಯಲ್ಲೇ ಮಾಡುವ ಟ್ರ್ಯಾಕುಗಳು. ಬೆಳಿಗ್ಗೆ ಇಬ್ಬನಿಗೆ ಮಣ್ಣು ಹಿಡಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಕೂಳೆ ಎಲ್ಲ ಪುಡಿಯಾಗಿ ಮೇಲೆ ಎರಡು ಇಂಚು ದೂಳು.

ನಮ್ಮ ತೊಂದರೆ ಒಂದೇ. ತಿರುವಿಗೆ ಹೋಗಿ ಆಕ್ಸಿಲರೇಟರ್ ಬಿಟ್ಟ ತಕ್ಷಣ ಗಾಡಿಯ ಹಿಂಭಾಗ ಪಕ್ಕಕ್ಕೆ ಎಸೆಯುತ್ತಿತ್ತು. ಮತ್ತೆ ಒತ್ತಿದರೆ ಆಕ್ಸಲ್ ಕುಣಿಯುತ್ತಿತ್ತು. ಒಂದು ಸಲ ಬದುವಿಗೆ ಹೊಡೆದು ಹಿಂದಿನ ಪ್ಲೇಟಿನ (ಸ್ಪ್ರಿಂಗ್ ಪಟ್ಟಿಗಳ ಕಟ್ಟು) ಸೆಂಟರ್ ಬೋಲ್ಟೇ ತುಂಡಾಯಿತು.

ಎಲ್ಲರ ಮಾತು ಒಂದೇ, "ಪವರ್ ಸಾಲದು, ಪ್ಲೇಟು ಮೆತ್ತಗಾಗಿದೆ". ನಾನೂ ನಂಬಿದೆ. ದೊಡ್ಡ ಊರಿನ ಒಬ್ಬ ಟ್ಯೂನರ್ (ಎಂಜಿನ್ ಪವರ್ ಹೆಚ್ಚಿಸುವ ಮೆಕ್ಯಾನಿಕ್) ಹತ್ತಿರ ಎಂಜಿನ್ನಿನ ಹೆಡ್, ಅಂದರೆ ವಾಲ್ವ್ ಇರುವ ಮೇಲಿನ ಭಾಗ, ಬಿಟ್ಟು ಬಂದೆ. ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ಗ್ರೈಂಡಿಂಗ್, ಪೋರ್ಟಿಂಗ್ (ಹೆಡ್ಡಿನೊಳಗಿನ ಗಾಳಿ ದಾರಿ ಸರಿಮಾಡುವುದು), ಹೆಡರ್ (ಎಂಜಿನ್ನಿನಿಂದ ಹೊಗೆ ಹೊರಬರುವ ಪೈಪು), ಬೇರೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಎಲ್ಲ ಸೇರಿ ಸುಮಾರು 90 ಸಾವಿರ ಹೋಯಿತು. ಎಂಜಿನ್ ನಿಮಿಷಕ್ಕೆ 7500 ಸುತ್ತಿನವರೆಗೂ ಕಿರುಚುತ್ತಿತ್ತು, ಕೇಳೋಕೆ ಚೆನ್ನಾಗಿತ್ತು. ಆದರೆ 5000ದ ಕೆಳಗೆ ಜೀವವೇ ಇಲ್ಲ. ಹಾಗಾಗಿ ಎಲ್ಲ ತಿರುವಿಗೂ ಎರಡನೇ ಗೇರ್, ಎಲ್ಲ ಕಡೆ 6500. ನಾಲ್ಕನೇ ಓಟದಲ್ಲಿ ಎಂಜಿನ್ನಿನೊಳಗೆ ಕ್ರ್ಯಾಂಕ್ ಶಾಫ್ಟಿನ ಬಿಗ್ ಎಂಡ್ ಬೇರಿಂಗ್ ಹೋಯಿತು. ಕ್ರ್ಯಾಂಕ್ ಗ್ರೈಂಡಿಂಗ್ ಸೇರಿ ಮತ್ತೆ 35 ಸಾವಿರ. ಅದೇ ಸೀಸನ್ನಿನಲ್ಲಿ ಹಿಂದೆ ಒಂದೊಂದು ಪ್ಲೇಟ್ ಜಾಸ್ತಿ ಹಾಕಿಸಿದೆ. ಗಾಡಿ ಇನ್ನೂ ಜಾಸ್ತಿ ಜಾರಿತು. ಸಮಯ ಒಂದು ಸೆಕೆಂಡೂ ಇಳಿಯಲಿಲ್ಲ. ಮನೆಯಲ್ಲಿ ಅಪ್ಪ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಕಾಫಿ ಮಾರಿದ ದುಡ್ಡು ಅದು.

ದಾರಿ ಕಂಡದ್ದು ಒಂದು ಹಳೇ ಫೋನಿನಿಂದ. ಹೊರಗಿನಿಂದ ಹಾಕಿಸಿದ ಟ್ಯಾಕೋ ಮೀಟರ್ (ಎಂಜಿನ್ ಸುತ್ತು ತೋರಿಸುವುದು) ಮತ್ತು ಸ್ಟೇರಿಂಗ್ ಎರಡೂ ಕಾಣುವ ಹಾಗೆ ರೋಲ್ ಕೇಜಿಗೆ (ಗಾಡಿಯೊಳಗಿನ ರಕ್ಷಣೆಯ ಪೈಪುಗಳು) ಫೋನ್ ಕಟ್ಟಿದೆ. ರಾತ್ರಿ ಕೂತು ವಿಡಿಯೊ ನಿಧಾನಕ್ಕೆ ಓಡಿಸಿ ನೋಡಿದೆ. ಸುಮಾರು 40 ತಿರುವು ಬರೆದುಕೊಂಡೆ. ಹಿಂದೆ ಎಸೆದ ಪ್ರತಿ ಸಲವೂ ಮುಳ್ಳು 6000ದ ಮೇಲಿತ್ತು, ಕಾಲು ಆಗಷ್ಟೇ ಎದ್ದಿತ್ತು. 4500ರ ಹತ್ತಿರ ಕಾಲು ಎತ್ತಿದ ಐದಾರು ತಿರುವುಗಳಲ್ಲಿ ಅದೇ ಗಾಡಿ, ಅದೇ ಪ್ಲೇಟು, ಅದೇ ಮಣ್ಣು. ಒಂದು ಸಲವೂ ಎಸೆದಿಲ್ಲ!

ಆಮೇಲೆ ಲೆಕ್ಕ ಹಾಕಿದೆ. ನಮ್ಮ 205/70 ಆರ್15 ಟೈರಿನಲ್ಲಿ 70 ಕಿ.ಮೀ. ವೇಗಕ್ಕೆ ಎರಡನೇ ಗೇರಿನಲ್ಲಿ ಹತ್ತಿರ ಹತ್ತಿರ 6000, ಮೂರರಲ್ಲಿ 4400. ಮೂರರಲ್ಲಿ ಕಾಲು ಎತ್ತಿದರೆ ಎಂಜಿನ್ ಚಕ್ರವನ್ನು ತಡೆಯುವ ಬಲ (ಎಂಜಿನ್ ಬ್ರೇಕಿಂಗ್) ಎರಡರಲ್ಲಿ ಇರುವುದಕ್ಕಿಂತ ಶೇಕಡಾ 25ಕ್ಕೂ ಜಾಸ್ತಿ ಕಡಿಮೆ ಬೀಳುತ್ತದೆ. ದೂಳಿನ ಮೇಲೆ ಟೈರಿಗೆ ಇರುವುದೇ ಸ್ವಲ್ಪ ಹಿಡಿತ. ಅದನ್ನೆಲ್ಲ ಎಂಜಿನ್ ಬ್ರೇಕಿಂಗ್ ತಿಂದುಬಿಟ್ಟರೆ ಪಕ್ಕಕ್ಕೆ ಹಿಡಿಯೋಕೆ ಏನು ಉಳಿಯುತ್ತದೆ? ಅದೂ ಅಲ್ಲದೆ ಕಂಪನಿ ಎಂಜಿನ್ ಅತಿ ಹೆಚ್ಚು ಟಾರ್ಕ್ (ತಿರುಗಿಸುವ ಬಲ) ಕೊಡುವುದೇ 4500ರಲ್ಲಿ. ನಾವು ಅದನ್ನು ಬಿಟ್ಟು ಮೇಲೆ ಮೇಲೆ ಓಡುತ್ತಿದ್ದೆವು.

ಕಂಪನಿ ಕ್ಯಾಮ್, ಕಂಪನಿ ಇಸಿಯು ವಾಪಸ್ ಹಾಕಿದೆ. ಹೆಡರ್ ಇಟ್ಟುಕೊಂಡೆ, ಆದರೆ ಹಿಂದಿನ ಪೈಪ್ ಸ್ವಲ್ಪ ಸಣ್ಣದು ಮಾಡಿಸಿದೆ. ಹಿಂದೆ ಸೇರಿಸಿದ್ದ ಪ್ಲೇಟ್ ತೆಗೆದು, ಕಂಪನಿ ಕಟ್ಟಿನಿಂದಲೂ ಒಂದು ತೆಗೆದೆ. ಹಾಸನದಲ್ಲಿ ಲಾರಿ ಪ್ಲೇಟ್ ಕೆಲಸ ಮಾಡುವ ಒಬ್ಬ ಭಾಯಿ ಇದ್ದಾರೆ. ಅವರು ಮೇನ್ ಪ್ಲೇಟಿನ ಮುಂದಿನ ಅರ್ಧ ಗಟ್ಟಿ ಇರುವ ಹಾಗೆ, ಹಿಂದಿನ ಅರ್ಧ ಮೆತ್ತಗೆ ಇರುವ ಹಾಗೆ ಕಟ್ಟಿಕೊಟ್ಟರು. ಒತ್ತಿದಾಗ ಆಕ್ಸಲ್ ತಿರುಚುವುದು ನಿಂತಿತು, ಕುಣಿತವೂ ನಿಂತಿತು. ಯಾವ ಪ್ಲೇಟ್ ಎಷ್ಟು ಉದ್ದ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. ಮೂರು ತಿಂಗಳು ಒದ್ದಾಡಿ ಕಂಡುಕೊಂಡದ್ದು ಅದು. ಷ್ಯಾಕಲ್ (ಪ್ಲೇಟಿನ ತುದಿ ಹಿಡಿಯುವ ಕೊಂಡಿ) ಕೂಡ ಬದಲಿಸಿದ್ದೇವೆ, ಅದನ್ನೂ ಹೇಳುವುದಿಲ್ಲ. ಈ ಕೆಲಸಕ್ಕೆಲ್ಲ ಖರ್ಚು 9 ಸಾವಿರ ಇರಬಹುದು. ಶಾಕ್ ಅಬ್ಸಾರ್ಬರ್ ಖರ್ಚು ಬೇರೆ, ಅದಕ್ಕೆ 14 ಸಾವಿರ ಕೊಟ್ಟ ನೆನಪು.

ಒಂದು ಮಾತು ಗಮನಿಸಿ. ಮೂರನೇ ಗೇರ್ ಅಂದರೆ ಎಲ್ಲಾ ಕಡೆ ಅಲ್ಲ. ವೇಗ 35 ಕಿ.ಮೀ.ಗೆ ಇಳಿಯುವ, ಪೂರ್ತಿ ಹಿಂದಕ್ಕೆ ತಿರುಗುವ ಹೇರ್‌ಪಿನ್‌ನಲ್ಲಿ ಮೂರು ಹಾಕಿದರೆ ಎಂಜಿನ್ 2200ಕ್ಕೆ ಬಿದ್ದು ನಿಜಕ್ಕೂ ಏಳುವುದಿಲ್ಲ. ಅಲ್ಲಿ ಎರಡೇ. ಆದರೆ ಗೇರ್ ಇಳಿಸುವುದು ಗಾಡಿ ಇನ್ನೂ ನೇರ ಇರುವಾಗ. ಸ್ಟೇರಿಂಗ್ ತಿರುಗಿಸಿದ ಮೇಲೆ ಕ್ಲಚ್ ಮುಟ್ಟಬಾರದು. ಮಾವನ ಮಗನಿಗೆ ಇದು ಕೈಗೆ ಬರೋಕೆ ನಾಲ್ಕು ಭಾನುವಾರ ಬೇಕಾಯಿತು. ಕಾಲು ಪೂರ್ತಿ ಎತ್ತದೆ ಅರ್ಧ ಇಟ್ಟುಕೊಳ್ಳುವುದು ಅವನಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಕೊನೆಗೆ ಪೆಡಲ್ ಕೆಳಗೆ ಒಂದು ರಬ್ಬರ್ ತುಂಡು ಅಂಟಿಸಿ ಅರ್ಧದಲ್ಲಿ ಕಾಲಿಗೆ ತಗಲುವ ಹಾಗೆ ಮಾಡಿದೆ. ಅಭ್ಯಾಸಕ್ಕೆ ಮಾತ್ರ, ಓಟದ ದಿನ ತೆಗೆಯುತ್ತಿದ್ದೆವು.

ಮಧ್ಯದಲ್ಲಿ ಇನ್ನೊಂದು ಪ್ರಯೋಗವೂ ನಡೆಯಿತು. ಹಿಂದಿನ ಆಕ್ಸಲ್ ಮೇಲೆ 40 ಕೆ.ಜಿ. ಮರಳು ಮೂಟೆ ಬಿಗಿದು ನೋಡಿದೆ. ಬೆಳಿಗ್ಗೆಯ ಹಸಿ ಮಣ್ಣಿನಲ್ಲಿ ಚೆನ್ನಾಗಿ ಎದ್ದು ಹೋಯಿತು. ಮಧ್ಯಾಹ್ನ ಅದೇ ಭಾರ ಗಾಡಿಯನ್ನು ಹೊರಗೆ ಎಳೆಯಿತು. ಸುಮ್ನೆ ಒಂದು ದಿನ ಹೋಯಿತು ಅನ್ನಿಸಲಿಲ್ಲ. ಅವತ್ತೇ ಟೈರ್ ಗಾಳಿಯ ವಿಷಯ ಗೊತ್ತಾದದ್ದು. ಬೆಳಿಗ್ಗೆ ಹಿಂದಿನ ಟೈರಿಗೆ 18 ಪಿಎಸ್‌ಐ, ಮಧ್ಯಾಹ್ನ ದೂಳು ಎದ್ದ ಮೇಲೆ 22. ಮುಂದಿನ ಟೈರಿಗೆ ಯಾವಾಗಲೂ 24. ನಿಮ್ಮ ಟೈರಿಗೆ ಒಂದೆರಡು ಹೆಚ್ಚು ಕಡಿಮೆ ಆಗಬಹುದು.

ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ಇರುವ ಟ್ರ್ಯಾಕಿನಲ್ಲಿ ಎರಡು ಸುತ್ತಿಗೆ ಮೊದಲು 2 ನಿಮಿಷ 31 ಸೆಕೆಂಡ್ ಆಗುತ್ತಿತ್ತು. ಅದು 2 ನಿಮಿಷ 22ಕ್ಕೆ ಬಂತು. 90 ಸಾವಿರದ ಹೆಡ್ ಕೊಡದೇ ಇದ್ದದ್ದು ಅದು! ಎರಡು ಸೀಸನ್ ಆದರೂ ಎಂಜಿನ್ ಬಿಚ್ಚಿಲ್ಲ. ಆಯಿಲ್ ಮಾತ್ರ ಎರಡು ಓಟಕ್ಕೊಮ್ಮೆ ಬದಲಿಸುತ್ತೇನೆ. ಅಪ್ಪ ಈಗ ಟ್ರ್ಯಾಕಿಗೆ ಬಂದು ಸ್ಟಾಪ್‌ವಾಚ್ ಹಿಡಿಯುತ್ತಾರೆ.

ಉಳಿದಿರುವುದು ಮುಂದಿನ ಭಾಗ. ಡಿಫರೆನ್ಷಿಯಲ್ ವೆಲ್ಡ್ ಆಗಿರುವುದರಿಂದ ನಿಧಾನದ ತಿರುವಿನಲ್ಲಿ ಮೂತಿ ಒಳಗೆ ಬರುವುದಿಲ್ಲ, ನೇರ ತಳ್ಳುತ್ತದೆ. ಹೇರ್‌ಪಿನ್ ಒಂದರಲ್ಲೇ ಅರ್ಧ ಸೆಕೆಂಡ್ ಹೋಗುತ್ತಿದೆ. ಮುಂದಿನ ಪ್ಲೇಟಿನಲ್ಲಿ ಏನೋ ಮಾಡುತ್ತಿದ್ದೇನೆ, ಭಾಯಿ ಹತ್ತಿರ ಒಂದು ಸೆಟ್ ಬಿಟ್ಟು ಬಂದಿದ್ದೇನೆ. ನಮ್ಮ ಕೆಳಗಿನ ಗದ್ದೆಯ ಕೊಯ್ಲು ಆದ ಮಾರನೇ ದಿನವೇ ಅದನ್ನು ಓಡಿಸಿ ನೋಡುತ್ತೇವೆ.