ಹೊಸ ವರ್ಷನ್ ಹಾಕಿ, ಹಳೆಯದನ್ನು ಅಳಿಸಬೇಡಿ

ಕೊಡಗಿನ ಡಿಸೈನ್ ಅಂಗಡಿಗಳಿಗೆ ಕಕ್ಕಡ ತಿಂಗಳು (ಜುಲೈ-ಆಗಸ್ಟ್) ಬಿಡುವಿನ ಕಾಲ. ಮದುವೆ ಇಲ್ಲ, ಕಾರ್ಡ್ ಕೆಲಸ ಇಲ್ಲ, ಹೊರಗೆ ಜೋರು ಮಳೆ. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಲು ಇದು ಒಳ್ಳೆಯ ಸಮಯವೇ. ಆದರೆ ಜಾಸ್ತಿ ಜನ ಮಾಡುವ ರೀತಿ ಸರಿಯಿಲ್ಲ. ಅಪ್‌ಡೇಟ್ ಬಂತು ಅಂದ ಕೂಡಲೇ ಒತ್ತುತ್ತಾರೆ, ಕೇಳಿದ್ದಕ್ಕೆಲ್ಲ ‘ನೆಕ್ಸ್ಟ್’ ಕೊಡುತ್ತಾರೆ. ದಸರಾ ಹೊತ್ತಿಗೆ ಹಳೆ ಬ್ಯಾನರ್ ಫೈಲ್ ತೆರೆದರೆ ಅಕ್ಷರ ಒಡೆದಿರುತ್ತದೆ, ಅಳತೆ ಬದಲಾಗಿರುತ್ತದೆ. ಹಿಂದಿನ ವರ್ಷನ್‌ಗೆ ಹೋಗೋಣ ಅಂದರೆ ಅದೇ ಇರುವುದಿಲ್ಲ. ಈ ಗೋಳು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ. ವಿಂಡೋಸ್ ಬಳಸುವವರಿಗೆ ಇದು ಹೊಂದುತ್ತದೆ.

ಹೆಜ್ಜೆ 1: ನಂಬರ್ ನೋಡಿ

ಫೋಟೊ ತಿದ್ದುವ ಗಿಂಪ್ 2.10.34 ಇದ್ದದ್ದು 2.10.36 ಆದರೆ ಅದು ಸಣ್ಣ ರಿಪೇರಿ. ಹಳೆಯದರ ಮೇಲೇ ಹಾಕಬಹುದು. 2.10 ಇದ್ದದ್ದು 3.0 ಆದರೆ ಅದು ಬೇರೆಯೇ ಸಾಫ್ಟ್‌ವೇರ್ ಅಂತ ತಿಳಿಯಿರಿ. 2025ರಲ್ಲಿ 3.0 ಬಂದಾಗ 2.10ಕ್ಕೆ ಬರೆದ ಪ್ಲಗಿನ್‌ಗಳು (ಹೆಚ್ಚಿನ ಕೆಲಸಕ್ಕೆ ಸೇರಿಸುವ ಪುಟ್ಟ ಪ್ರೋಗ್ರಾಮ್‌ಗಳು) ಅದರಲ್ಲಿ ನಡೆಯಲಿಲ್ಲ. ಮುಂದಿನ ಹೆಜ್ಜೆಗಳೆಲ್ಲ ಇಂಥ ದೊಡ್ಡ ಬದಲಾವಣೆಗೆ.

ಹೆಜ್ಜೆ 2: ಪೂರ್ತಿ ಇನ್‌ಸ್ಟಾಲರ್ ಇಳಿಸಿಕೊಳ್ಳಿ

ಸಾಫ್ಟ್‌ವೇರ್‌ನ ಸ್ವಂತ ಸೈಟ್‌ನಿಂದಲೇ ಇಳಿಸಿ. ಮಳೆಗಾಲದಲ್ಲಿ ಇಲ್ಲಿ ಮರ ಬಿದ್ದು ಲೈನ್ ಹೋಗುವುದು ದಿನದ ಮಾತು. ಇಂಟರ್‌ನೆಟ್‌ನಿಂದ ಎಳೆಯುತ್ತಾ ಇನ್‌ಸ್ಟಾಲ್ ಆಗುವ ಬಗೆ ನಡುವೆ ಕರೆಂಟ್ ಹೋದರೆ ಅರ್ಧಕ್ಕೇ ನಿಲ್ಲುತ್ತದೆ. ಯುಪಿಎಸ್ ಇಲ್ಲದ ಕಂಪ್ಯೂಟರ್‌ನಲ್ಲಿ ಈ ಕೆಲಸಕ್ಕೆ ಕೂರಲೇಬೇಡಿ. ‘ನಿಮ್ಮ ಎಲ್ಲ ಸಾಫ್ಟ್‌ವೇರ್ ಒಂದೇ ಕ್ಲಿಕ್‌ನಲ್ಲಿ ಅಪ್‌ಡೇಟ್’ ಅನ್ನುವ ಅಪ್‌ಡೇಟರ್‌ಗಳು ಬೇಡವೇ ಬೇಡ. ಕ್ರ್ಯಾಕ್ ಮಾಡಿದ ಕಾಪಿಯಂತೂ ಅಂಗಡಿಗೆ ಬರಲೇಬಾರದು. ಅದರ ಜೊತೆ ಏನು ಒಳಗೆ ಬಂತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ದುಡ್ಡು ಕಡಿಮೆ ಇದ್ದರೆ ಚಿತ್ರ ಬರೆಯಲು ಇಂಕ್‌ಸ್ಕೇಪ್, ಫೋಟೊಗೆ ಗಿಂಪ್, ಪುಟ ಜೋಡಿಸಲು ಸ್ಕ್ರೈಬಸ್ ಉಚಿತವಾಗಿಯೇ ಸಿಗುತ್ತವೆ, ಅಲ್ವಾ?

ಹೆಜ್ಜೆ 3: ಸೆಟ್ಟಿಂಗ್ಸ್ ನಕಲು ಮಾಡಿಡಿ

ಸಾಫ್ಟ್‌ವೇರ್ ಇರುವುದು ಸಿ ಡ್ರೈವ್‌ನ ಪ್ರೋಗ್ರಾಮ್ ಫೈಲ್ಸ್‌ನಲ್ಲಿ. ನೀವು ಮಾಡಿಕೊಂಡ ಶಾರ್ಟ್‌ಕಟ್, ಬಣ್ಣದ ಪಟ್ಟಿ, ಬ್ರಷ್, ಟೆಂಪ್ಲೇಟ್ ಹೆಚ್ಚಾಗಿ ಇರುವುದು ಆಪ್‌ಡೇಟಾ ಎಂಬ ಬೇರೆ ಫೋಲ್ಡರ್‌ನಲ್ಲಿ. ವಿಂಡೋಸ್ ಅದನ್ನು ಮುಚ್ಚಿಟ್ಟಿರುತ್ತದೆ, ಸುಮ್ನೆ ಹುಡುಕಿದರೆ ಕಾಣುವುದಿಲ್ಲ. ವಿಂಡೋಸ್ ಕೀ ಜೊತೆ ಆರ್ ಒತ್ತಿ. ಬಂದ ಪೆಟ್ಟಿಗೆಯಲ್ಲಿ ಪರ್ಸೆಂಟ್ ಗುರುತು, ಆಪ್‌ಡೇಟಾ, ಮತ್ತೆ ಪರ್ಸೆಂಟ್ ಗುರುತು, ಹೀಗೆ ಜಾಗ ಬಿಡದೆ ಇಂಗ್ಲಿಷ್‌ನಲ್ಲಿ ಬರೆದು ಎಂಟರ್ ಕೊಡಿ. ಆಪ್‌ಡೇಟಾ ಒಳಗಿನ ರೋಮಿಂಗ್ ಫೋಲ್ಡರ್ ತೆರೆದುಕೊಳ್ಳುತ್ತದೆ. ಅದರೊಳಗೆ ನಿಮ್ಮ ಸಾಫ್ಟ್‌ವೇರ್ ಹೆಸರಿನ ಫೋಲ್ಡರ್ ಹುಡುಕಿ, ಇಡೀ ಫೋಲ್ಡರ್ ಅನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಕಟ್ ಅಲ್ಲ, ಕಾಪಿ. ಇಂಕ್‌ಸ್ಕೇಪ್‌ನಲ್ಲಿ ಇನ್ನೂ ಸುಲಭ: ಎಡಿಟ್, ಪ್ರಿಫರೆನ್ಸಸ್, ಸಿಸ್ಟಮ್‌ಗೆ ಹೋದರೆ ಫೋಲ್ಡರ್‌ನ ದಾರಿಯನ್ನು ಅದೇ ತೋರಿಸುತ್ತದೆ.

ಕೆಲವರು ಸ್ವಂತ ಟೆಂಪ್ಲೇಟ್, ಲೋಗೊಗಳನ್ನೂ ಪ್ರೋಗ್ರಾಮ್ ಫೈಲ್ಸ್ ಒಳಗೇ ತುಂಬಿರುತ್ತಾರೆ. ಅವುಗಳನ್ನು ಇವತ್ತೇ ಡಿ ಡ್ರೈವ್‌ಗೆ ತನ್ನಿ. ಅನ್‌ಇನ್‌ಸ್ಟಾಲ್ ಮಾಡುವಾಗ ಅದೂ ಗುಡಿಸಿ ಹೋಗಬಹುದು.

ಹೆಜ್ಜೆ 4: ಪಕ್ಕದಲ್ಲಿ ಹಾಕಿ, ಮೇಲೆ ಬೇಡ

ಪ್ರತಿ ದೊಡ್ಡ ವರ್ಷನ್‌ಗೂ ಅದರ ನಂಬರ್ ಇರುವ ಸ್ವಂತ ಫೋಲ್ಡರ್, ಸ್ವಂತ ಸೆಟ್ಟಿಂಗ್ಸ್ ಇರಬೇಕು. ಸಾಫ್ಟ್‌ವೇರ್ ಮಾಡುವವರೇ ಇದನ್ನು ಮಾಡಿಕೊಡಬೇಕು, ಕೇಳದೆ ಹಳೆಯದನ್ನು ಅಳಿಸಬಾರದು. ಗಿಂಪ್ ಸೆಟ್ಟಿಂಗ್ಸ್ ವಿಷಯದಲ್ಲಿ ಸರಿಯಾಗಿದೆ. 2.10ಕ್ಕೊಂದು, 3.0ಕ್ಕೊಂದು ಫೋಲ್ಡರ್ ಇಡುತ್ತದೆ, ಮೊದಲ ಸಲ ತೆರೆದಾಗ ಹಳೆಯದರಿಂದ ನಕಲು ಮಾಡಿಕೊಳ್ಳುತ್ತದೆ. ಅಡೋಬಿಯ ಕ್ರಿಯೇಟಿವ್ ಕ್ಲೌಡ್‌ನಲ್ಲಿ ಹೊಸ ವರ್ಷನ್‌ಗೆ ಹೋಗುವಾಗ ‘ಹಳೆ ವರ್ಷನ್ ತೆಗೆ’ ಎಂಬ ಆಯ್ಕೆ ಇರುತ್ತದೆ. ಟಿಕ್ ಇದ್ದರೆ ತೆಗೆಯಿರಿ. ಇಂಕ್‌ಸ್ಕೇಪ್‌ಗೆ ಇನ್‌ಸ್ಟಾಲರ್ ಬದಲು 7z (ಒಂದು ಬಗೆಯ ಜಿಪ್) ರೂಪದ ಕಾಪಿ ಇಳಿಸಿ, ನಂಬರ್ ಹಾಕಿದ ಫೋಲ್ಡರ್‌ನಲ್ಲಿ ಬಿಚ್ಚಿಕೊಳ್ಳಿ. ಫೋಲ್ಡರ್ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ, ಹಳೆ ಪ್ಲಗಿನ್ ಕೆಲವು ಕನ್ನಡ ಹೆಸರಿಗೆ ಎಡವುತ್ತವೆ.

ಹೆಜ್ಜೆ 5: ಹಳೆ ಕೆಲಸ ತೆರೆದು ಅಳೆಯಿರಿ

ಎಲ್ಲರೂ ಬಿಟ್ಟುಬಿಡುವುದು ಇದನ್ನೇ. ಹಳೆ ಫೈಲ್‌ನ ಒಂದು ನಕಲನ್ನು ಹೊಸದರಲ್ಲಿ ತೆರೆಯಿರಿ, ಮೂಲವನ್ನು ಮುಟ್ಟಬೇಡಿ.

ಮೊದಲು ಅಳತೆ ನೋಡಿ. ಇಂಕ್‌ಸ್ಕೇಪ್ 2017ರ 0.92ರಲ್ಲಿ ಇಂಚಿಗೆ 90 ಪಿಕ್ಸೆಲ್ ಲೆಕ್ಕದಿಂದ 96ಕ್ಕೆ ಬದಲಾಯಿತು. ಅದಕ್ಕಿಂತ ಹಳೆಯ ಕೆಲವು ಫೈಲ್ ತೆರೆದಾಗ ಇದು ಸ್ಕ್ರೀನ್‌ಗೋ ಪ್ರಿಂಟಿಗೋ ಅಂತ ಕೇಳುತ್ತದೆ. ಓದದೆ ಸ್ಕ್ರೀನ್ ಅಂದುಬಿಟ್ಟರೆ 160 ಮಿ.ಮೀ. ಅಗಲದ ಕಾಫಿ ಪುಡಿ ಪ್ಯಾಕೆಟ್ ಲೇಬಲ್ 150 ಮಿ.ಮೀ. ಆಗುತ್ತದೆ. ಕಣ್ಣಿಗೆ ಚೂರೂ ವ್ಯತ್ಯಾಸ ಕಾಣದು. ಸಾವಿರಾರು ಲೇಬಲ್ ಪ್ರಿಂಟ್ ಆಗಿ ಬಂದ ಮೇಲೆ ಪ್ಯಾಕೆಟ್ ಸುತ್ತ ಸಾಲುವುದಿಲ್ಲ. ಪ್ರಿಂಟ್ ಕೆಲಸಕ್ಕೆ ಪ್ರಿಂಟ್ ಅಂತಲೇ ಆರಿಸಿ, ಬ್ಯಾಕಪ್ ಟಿಕ್ ಹಾಕಿ. ಆಮೇಲೆ ಒಂದು ಕಾಗದದ ಮೇಲೆ ಪ್ರಿಂಟ್ ತೆಗೆದು ಸ್ಕೇಲ್ ಇಟ್ಟು ಅಳೆಯಿರಿ.

ಆಮೇಲೆ ಅಕ್ಷರ. ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೆ ‘ನುಡಿ’, ‘ಬರಹ’ ಫಾಂಟ್‌ಗಳಲ್ಲಿ ಬರೆದದ್ದು ಆ ಫಾಂಟ್ ಸಿಗದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರವಾಗುತ್ತದೆ. ಫಾಂಟ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಎಂದೇ ಹಾಕಿ. ಬರೀ ‘ಇನ್‌ಸ್ಟಾಲ್’ ಕೊಟ್ಟರೆ ಕೆಲವು ಸಾಫ್ಟ್‌ವೇರ್‌ಗೆ ಅದು ಕಾಣುವುದಿಲ್ಲ. ಯೂನಿಕೋಡ್ ಇದ್ದರೆ ಕ್ಷ, ಜ್ಞ, ರ್ಕ, ಸ್ತ್ರೀ ಇರುವ ಸಾಲನ್ನು ಜೂಮ್ ಮಾಡಿ ಒತ್ತಕ್ಷರ ನೋಡಿ. ‘ಕಾವೇರಿ ಸಂಕ್ರಮಣ’ದ ಒತ್ತು ಪಕ್ಕಕ್ಕೆ ಜಾರಿದ್ದರೆ ಆ ಬ್ಯಾನರ್ ಕೆಲಸವನ್ನು ಹಳೆ ವರ್ಷನ್‌ನಲ್ಲೇ ಮುಗಿಸಿ.

ಸೇವ್ ಮಾಡುವಾಗಲೂ ಹುಷಾರ್. ಸ್ಕ್ರೈಬಸ್ 1.5ರಲ್ಲಿ ಸೇವ್ ಮಾಡಿದ್ದು 1.4ರಲ್ಲಿ ತೆರೆಯದು. ಕೋರೆಲ್‌ಡ್ರಾದಲ್ಲಿ ಹಳೆ ವರ್ಷನ್‌ಗೆ ಸೇವ್ ಮಾಡುವ ಅನುಕೂಲ ಇದೆ. ಪ್ರಿಂಟ್ ಮಾಡುವವರ ಹತ್ತಿರ ಯಾವುದಿದೆ ಅಂತ ಮೊದಲೇ ಕೇಳಿ.

ಹೆಜ್ಜೆ 6: ಹಳೆಯದನ್ನು ತೆಗೆಯುವುದು

ದಸರಾ, ಪುತ್ತರಿ (ಸುಗ್ಗಿ ಹಬ್ಬ), ಮದುವೆ, ಏಪ್ರಿಲ್-ಮೇ ತಿಂಗಳ ಕೊಡವ ಹಾಕಿ ಪಂದ್ಯಗಳ ಹಬ್ಬ, ಎಲ್ಲ ಬಗೆಯ ಕೆಲಸ ಒಂದು ಸುತ್ತು ಹೊಸದರಲ್ಲಿ ಸರಿಯಾಗಿ ಬರಲಿ. ಆಮೇಲೆ ವಿಂಡೋಸ್ ಸೆಟ್ಟಿಂಗ್ಸ್‌ನ ಆಪ್ಸ್ ಪಟ್ಟಿಯಿಂದ ಅನ್‌ಇನ್‌ಸ್ಟಾಲ್ ಮಾಡಿ, ಫೋಲ್ಡರ್ ಅನ್ನು ನೇರ ಡಿಲೀಟ್ ಮಾಡಬೇಡಿ. ಜಿಪ್‌ನಿಂದ ಬಿಚ್ಚಿದ್ದಾದರೆ ಮಾತ್ರ ಡಿಲೀಟ್ ಸಾಕು. ಹಳೆ ಇನ್‌ಸ್ಟಾಲರ್ ಮತ್ತು ಲೈಸೆನ್ಸ್ ನಂಬರ್ ಸೆಟ್ಟಿಂಗ್ಸ್ ಕಾಪಿ ಇರುವ ಅದೇ ಪೆನ್‌ಡ್ರೈವ್‌ನಲ್ಲಿ ಇರಲಿ.