ಕೇಪ್ ಸುತ್ತಿ ರಾಟರ್‌ಡ್ಯಾಮ್ ಮುಟ್ಟಿದ ಭಗ್ವಾ ದಾಳಿಂಬೆ: ನನ್ನ ಅನುಭವ

2023ರ ಡಿಸೆಂಬರ್‌ನಲ್ಲಿ ಹಡಗು ಕಂಪನಿಗಳು ಕೆಂಪು ಸಮುದ್ರದ ದಾರಿ ಬಿಟ್ಟು ಆಫ್ರಿಕಾದ ಗುಡ್‌ಹೋಪ್ ಭೂಶಿರವನ್ನು ಸುತ್ತಿ ಹೋಗತೊಡಗಿದಾಗ, ನನಗೆ ಗೊತ್ತಿದ್ದ ದಾಳಿಂಬೆ ರಫ್ತುದಾರರಲ್ಲಿ ಹೆಚ್ಚಿನವರು ಯುರೋಪಿಗೆ ಹಡಗಿನಲ್ಲಿ ಹಣ್ಣು ಕಳುಹಿಸುವುದನ್ನೇ ನಿಲ್ಲಿಸಿದರು. ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿನಿಂದ ಹಾಲೆಂಡಿನ ರಾಟರ್‌ಡ್ಯಾಮ್‌ಗೆ ಸೂಯೆಜ್ ಮೂಲಕ ಮೂರೂವರೆ ವಾರದಲ್ಲಿ ಮುಟ್ಟುತ್ತಿದ್ದ ಕಂಟೇನರ್‌ಗೆ ಐದಾರು ವಾರ ಹಿಡಿಯತೊಡಗಿತ್ತು. ಭಗ್ವಾ ಅಷ್ಟು ದಿನ ತಡೆಯುವುದಿಲ್ಲ, ಸುಮ್ಮನೆ ದುಬೈಗೆ ಹಾಕಿ ಎಂದು ಬಾಗಲಕೋಟೆಯಿಂದ ಸೊಲ್ಲಾಪುರದವರೆಗಿನ ಹಳಬರೆಲ್ಲ ಬುದ್ಧಿ ಹೇಳಿದರು. ಕಳೆದ ಹಂಗಾಮಿನಲ್ಲಿ ಅದೇ ಸುತ್ತು ದಾರಿಯಲ್ಲಿ ಹೋದ ನನ್ನ ಕಂಟೇನರ್‌ಗಳಲ್ಲಿ ಒಂದಕ್ಕೂ ಖರೀದಿದಾರರಿಂದ ನಷ್ಟದ ಕ್ಲೇಮ್ ಬರಲಿಲ್ಲ. ಬುದ್ಧಿ ಹೇಳಿದವರೇ ಈಗ ಫೋನ್ ಮಾಡಿ ವಿಚಾರಿಸುತ್ತಿರುವುದರಿಂದ, ಎಲ್ಲರಿಗೂ ಒಮ್ಮೆಲೇ ಹೇಳಿದಂತಾಗಲಿ ಎಂದು ಬರೆಯುತ್ತಿದ್ದೇನೆ.

ಹಟ ಹಿಡಿದದ್ದಕ್ಕೆ ಕಾರಣ ಲೆಕ್ಕ. ವಿಮಾನದಲ್ಲಿ ಕಿಲೋ ಒಂದಕ್ಕೆ ಸುಮಾರು 180ರಿಂದ 200 ರೂಪಾಯಿ ಬಾಡಿಗೆ ಬೀಳುತ್ತಿತ್ತು. ಹಡಗಿನಲ್ಲಿ, ದಾರಿ ಸುತ್ತಾಗಿ ದರ ಏರಿದ ಮೇಲೂ, 40 ಅಡಿಯ ಹೈಕ್ಯೂಬ್ ರೀಫರ್‌ಗೆ (ಎತ್ತರದ ಶೀತಲ ಕಂಟೇನರ್‌ಗೆ) ಮೂರೂವರೆ ಕಿಲೋದ 4,200 ಪೆಟ್ಟಿಗೆ ತುಂಬಿದರೆ ಕಿಲೋಗೆ 35–40 ರೂಪಾಯಿಗಿಂತ ಹೆಚ್ಚು ಬರುತ್ತಿರಲಿಲ್ಲ. ತೋಟದಲ್ಲೇ 110–120 ರೂಪಾಯಿ ಕೊಟ್ಟು ಕೊಂಡ ಹಣ್ಣನ್ನು ವಿಮಾನದಲ್ಲಿ ಕಳುಹಿಸಿದರೆ ಲಾಭವೆಲ್ಲ ಬಾಡಿಗೆಗೇ ಹೋಗುತ್ತದೆ ಎಂಬುದನ್ನು ಈ ಕಸುಬಿನಲ್ಲಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೇಪ್ ಸುತ್ತಿ ಹೋದ ಮೊದಲ ಕಂಟೇನರ್ ಕೊಳೆಯಲಿಲ್ಲ, ಒಣಗಿತು. ಹಳೆಯ ಪದ್ಧತಿಯಂತೆ ಪ್ಲಾಸ್ಟಿಕ್ ಲೈನರ್ ಇಲ್ಲದೆ ತುಂಬಿ, ಹೊರಗಿನ ಗಾಳಿ ಒಳಬಿಡುವ ವೆಂಟನ್ನು ಗಂಟೆಗೆ 25–30 ಘನ ಮೀಟರ್‌ಗೆ ತೆರೆದಿಟ್ಟಿದ್ದೆವು. ಸೂಯೆಜ್ ದಾರಿಯಲ್ಲಿ ನಡೆದುಹೋಗುತ್ತಿದ್ದ ಈ ವ್ಯವಸ್ಥೆ ಆರು ವಾರಕ್ಕೆ ಸಾಲದು. ಪೆಟ್ಟಿಗೆಯ ತೂಕ ಶೇಕಡಾ ಆರರಷ್ಟು ಇಳಿದಿತ್ತು, ಹಣ್ಣಿನ ಮೂಲೆಗಳು ಎದ್ದು ಕಾಣುತ್ತಿದ್ದವು, ಸಿಪ್ಪೆ ಚರ್ಮದ ಚಪ್ಪಲಿಯಂತೆ ಬಿರುಸಾಗಿತ್ತು. ಒಳಗಿನ ಕಾಳು ಮಾತ್ರ ಕೆಂಪಗೆ, ರಸವಾಗಿ ಇತ್ತು. ಹಣ್ಣು ಅಷ್ಟು ದಿನ ತಡೆಯುತ್ತದೆ, ಕಾಯಬೇಕಾದದ್ದು ನೀರಿನ ಅಂಶವನ್ನು ಎಂದು ನನಗೆ ಮನವರಿಕೆಯಾದದ್ದು ಅಲ್ಲಿಂದ ಬಂದ ಫೋಟೋಗಳಿಂದಲೇ. ಖರೀದಿದಾರರು ತೂಕದ ಕೊರತೆಯ ಜೊತೆಗೆ ನೋಟದ ಹೆಸರಿನಲ್ಲೂ ಹಣ ಮುರಿದುಕೊಂಡರು.

ಮುಂದಿನ ಕಂಟೇನರ್‌ಗೆ ಪ್ರತಿ ಪೆಟ್ಟಿಗೆಯೊಳಗೂ ಎಂಎಪಿ ಚೀಲ (ಒಳಗಿನ ಗಾಳಿಯ ಹದ ಬದಲಿಸಿ ತೇವ ಕಾಯುವ ಪ್ಲಾಸ್ಟಿಕ್ ಚೀಲ) ಹಾಕಿಸಿದೆ. ಪೆಟ್ಟಿಗೆಗೆ 18–20 ರೂಪಾಯಿ ಖರ್ಚು ಹೆಚ್ಚಾಯಿತು. ಅಂದು ನಾವು ಬಾಡಿಗೆಗೆ ಹಿಡಿದಿದ್ದ ಪ್ಯಾಕ್‌ಹೌಸ್‌ನವರು ಮತ್ತೊಬ್ಬರ ಮಾಲಿಗೆ ಜಾಗ ಬೇಕೆಂದು ಹಣ್ಣಿನ ಒಳಗಿನ ಬಿಸಿ 12–13 ಡಿಗ್ರಿಯಲ್ಲಿರುವಾಗಲೇ ಚೀಲಗಳ ಬಾಯಿ ಕಟ್ಟಿಸಿ ಪೆಟ್ಟಿಗೆಗಳನ್ನು, ಕಂಟೇನರ್‌ಗೆ ತುಂಬುವ ಮೊದಲು ಹಣ್ಣು ತಂಪು ಮಾಡುವ ಪ್ರೀಕೂಲಿಂಗ್ ಕೋಣೆಯಿಂದ ಹೊರಹಾಕಿದರು. ಚೀಲದೊಳಗೆ ಬೆವರು ಹನಿಗಟ್ಟಿ, ಆ ನೀರು ಹಣ್ಣಿನ ತುದಿಯ ಕಿರೀಟದೊಳಗೆ ಇಳಿದು, ಅಲ್ಲಿ ಉಳಿದಿದ್ದ ಒಣ ಕೇಸರಗಳ ಮೇಲೆ ಬೂದು ಬೂಷ್ಟು ಎದ್ದಿತು. ಪೆಟ್ಟಿಗೆಗೆ ನಾಲ್ಕೈದು ಹಣ್ಣು ಮಾತ್ರ ಕೆಟ್ಟಿದ್ದರೂ ಇಡೀ ಕಂಟೇನರನ್ನು ಬಿಚ್ಚಿ ಆರಿಸಬೇಕಾಯಿತು. ಹಾಲೆಂಡಿನ ಕೂಲಿ ಪೆಟ್ಟಿಗೆಗೆ ಒಂದು ಯೂರೋ ದಾಟುತ್ತದೆ. ಅಷ್ಟರಲ್ಲಿ ಮಾರುಕಟ್ಟೆಯೂ ಇಳಿದಿತ್ತು. ಎಲ್ಲ ಸೇರಿ ಒಂಬತ್ತು–ಹತ್ತು ಲಕ್ಷ ಹೋಯಿತು. ವಿಮೆಯಿಂದ ಒಂದು ರೂಪಾಯಿಯೂ ಬರಲಿಲ್ಲ, ಏಕೆಂದರೆ ನಮ್ಮ ಪಾಲಿಸಿ ಇದ್ದದ್ದು ಯಂತ್ರ ಸತತವಾಗಿ 24 ಗಂಟೆ ನಿಂತರೆ ಮಾತ್ರ; ಒಳಗಿನ ಬಿಸಿ ದಾಖಲಿಸುವ ಲಾಗರ್‌ನ ಗೆರೆಯಾದರೋ ದಾರಿಯುದ್ದಕ್ಕೂ ನೆಟ್ಟಗಿತ್ತು.

ರೀಫರ್ ಯಂತ್ರ ತಂಪಾದ ಹಣ್ಣನ್ನು ತಂಪಾಗಿಯೇ ಇಡಲು ಇರುವುದೇ ಹೊರತು ಬಿಸಿ ಹಣ್ಣನ್ನು ತಂಪು ಮಾಡಲು ಅಲ್ಲ. ಇದನ್ನು ಎಲ್ಲರೂ ಬಾಯಲ್ಲಿ ಹೇಳುತ್ತಾರೆ. ಪ್ಯಾಕ್‌ಹೌಸ್‌ನ ಬಾಡಿಗೆ ಮೀಟರ್ ಓಡುವಾಗ ಪಾಲಿಸುವವರು ಕಡಿಮೆ. ಈಗ ನನ್ನ ಮಾಲಿಗೆ ಚೀಲದ ಬಾಯಿ ತೆರೆದೇ ಪ್ರೀಕೂಲಿಂಗ್ ನಡೆಯುತ್ತದೆ. ಪ್ಯಾಲೆಟ್‌ನ ನಡುವಿನ ಪೆಟ್ಟಿಗೆಯಿಂದ ತೆಗೆದ ಹಣ್ಣಿಗೆ ಸೂಜಿ ಥರ್ಮಾಮೀಟರ್ ಚುಚ್ಚಿದಾಗ 7 ಡಿಗ್ರಿಗಿಂತ ಕೆಳಗೆ ತೋರಿಸುವವರೆಗೆ ಒಂದು ಚೀಲವನ್ನೂ ಕಟ್ಟಲು ಬಿಡುವುದಿಲ್ಲ. ಹೊರಸಾಲಿನ ಹಣ್ಣಿಗೆ ಚುಚ್ಚಿ ಅಂಕಿ ಬರೆದುಕೊಳ್ಳುವ ಮೇಸ್ತ್ರಿಗಳನ್ನು ನಾನು ನಂಬುವುದಿಲ್ಲ. ಇದಕ್ಕಾಗಿ ಪ್ರತಿ ಕಂಟೇನರ್‌ಗೆ ಹದಿನೈದು ಸಾವಿರದಷ್ಟು ಕರೆಂಟು ಮತ್ತು ಕಾಯುವ ಬಾಡಿಗೆ ಹೆಚ್ಚು ಕೊಡುತ್ತೇನೆ.

ಕಿರೀಟದ ಕೆಲಸ ಇನ್ನೂ ಬೇಸರದ್ದು. ಇಬ್ಬನಿ ಆರಿದ ಮೇಲೆಯೇ ಕೊಯ್ಲು; ಮಳೆ ಬಿದ್ದರೆ ಎರಡು ಮೂರು ದಿನ ಆ ತೋಟದ ಕಡೆ ಹೋಗುವುದಿಲ್ಲ. ಪ್ಯಾಕಿಂಗ್ ಸಾಲಿನಲ್ಲಿ ಇಬ್ಬರು ಹೆಣ್ಣುಮಕ್ಕಳು ಸಣ್ಣ ಬ್ರಷ್‌ನಿಂದ ಕಿರೀಟದೊಳಗಿನ ಒಣ ಕೇಸರಗಳನ್ನು ಕೀಳುತ್ತಾರೆ, ಮೂರನೆಯವರು ಕಂಪ್ರೆಸರ್ ಗಾಳಿ ಊದಿ ಪುಡಿ ಹಾರಿಸುತ್ತಾರೆ. ಗಾಳಿಯ ಒತ್ತಡ ಹೆಚ್ಚಾದರೆ ಕಿರೀಟದ ಎಸಳು ಮುರಿದು, ಮುರಿದ ಜಾಗದಲ್ಲೇ ಮತ್ತೆ ಬೂಷ್ಟು ಹಿಡಿಯುತ್ತದೆ. ಕಿರೀಟ ಶುಚಿ ಮಾಡುವುದಕ್ಕೂ ಪ್ರೀಕೂಲಿಂಗ್‌ಗೂ ನಡುವೆ ಹಣ್ಣಿಗೆ ನಾನು ಇನ್ನೊಂದು ಉಪಚಾರ ಮಾಡಿಸುತ್ತೇನೆ. ಯುರೋಪಿನ ಔಷಧಿ ಉಳಿಕೆ ಪರೀಕ್ಷೆಯಲ್ಲಿ ಅದು ತೊಂದರೆ ಕೊಟ್ಟಿಲ್ಲ ಎಂಬುದಷ್ಟೇ ಸದ್ಯಕ್ಕೆ ಸಾಕು. ಎರಡು ಹಂಗಾಮು ಹಣ ಕಳೆದುಕೊಂಡು ಕಂಡುಕೊಂಡದ್ದನ್ನು ಇಲ್ಲಿ ಬಿಟ್ಟಿಯಾಗಿ ಹಂಚಲಾರೆ.

ಸೆಟ್ ಪಾಯಿಂಟ್ (ರೀಫರ್ ಯಂತ್ರಕ್ಕೆ ನಿಗದಿ ಮಾಡುವ ಡಿಗ್ರಿ) ವಿಷಯದಲ್ಲಿ ಏಜೆಂಟರೊಬ್ಬರು 2 ಡಿಗ್ರಿಗೆ ಇಳಿಸಿ ಎಂದು ಒತ್ತಾಯಿಸಿದ್ದರು. ಹಡಗಿಗೆ ಹಾಕುವ ಮೊದಲು ಶೀತಲಗೃಹದಲ್ಲಿ ಕೆಲವು ಪೆಟ್ಟಿಗೆಗಳನ್ನು ಆರೇಳು ವಾರ 2 ಡಿಗ್ರಿಯಲ್ಲೂ ಉಳಿದವನ್ನು 6 ಡಿಗ್ರಿಯಲ್ಲೂ ಇಟ್ಟು ನೋಡಿದೆ. ಹೊರಗೆ ತೆಗೆದಾಗ ಎರಡೂ ಚೆನ್ನಾಗಿಯೇ ಕಂಡವು. ಕೋಣೆಯ ಬಿಸಿಯಲ್ಲಿ ಮೂರು ದಿನ ಇಟ್ಟ ಮೇಲೆ 2 ಡಿಗ್ರಿಯ ಹಣ್ಣಿನ ಸಿಪ್ಪೆ ಕಂದು ಕಲೆಗಳಿಂದ ತುಂಬಿತು, ಕಾಳುಗಳ ನಡುವಿನ ಬಿಳಿ ಪೊರೆಯೂ ಕಂದಾಯಿತು. ಅಂಗಡಿಯ ಕಪಾಟಿನಲ್ಲಿ ಕೆಡುವ ಹಣ್ಣು ಬಂದರಿನಲ್ಲಿ ಕೆಡುವ ಹಣ್ಣಿಗಿಂತ ದುಬಾರಿ. ನಾನು 6ರಲ್ಲೇ ನಿಂತಿದ್ದೇನೆ; ಚೀಲ ಇರುವುದರಿಂದ ವೆಂಟನ್ನು 10–15ಕ್ಕೆ ಇಳಿಸಿದ್ದೇನೆ.

ತುಂಬುವಾಗ ಖಾಲಿ ಕಂಟೇನರನ್ನು ಮೊದಲೇ ತಂಪು ಮಾಡಿ ತನ್ನಿ ಎಂದು ಕೇಳುವ ಚಾಳಿ ನಮ್ಮಲ್ಲಿ ಬಹಳ. ಶೀತಲಗೃಹದ ಬಾಗಿಲಿಗೆ ಗಾಳಿಯಾಡದಂತೆ ಕೂರುವ ಡಾಕ್ ಇಲ್ಲದಿದ್ದರೆ ಅದು ಕೇಡು: ಬಾಗಿಲು ತೆರೆದೊಡನೆ ಹೊರಗಿನ ಬಿಸಿ ಗಾಳಿ ಒಳನುಗ್ಗಿ ಗೋಡೆ, ಚಾವಣಿಗಳ ಮೇಲೆ ನೀರಾಗಿ ಇಳಿಯುತ್ತದೆ. ಬಾಗಿಲ ಕಡೆ ಪ್ಯಾಲೆಟ್ ಮುಚ್ಚದೆ ಉಳಿಯುವ ಟಿ-ಫ್ಲೋರನ್ನು (ತಂಪು ಗಾಳಿ ಹಾಯುವ ಸೀಳುಗಳಿರುವ ಕಂಟೇನರ್ ನೆಲವನ್ನು) ದಪ್ಪ ರಟ್ಟಿನಿಂದ ಮುಚ್ಚಿಸುತ್ತೇನೆ. ಇಲ್ಲವಾದರೆ ಕೆಳಗಿನಿಂದ ಬರುವ ತಂಪು ಗಾಳಿ ಹಣ್ಣಿನ ನಡುವೆ ಹಾಯದೆ ಅಲ್ಲೇ ಮೇಲೆದ್ದು ಯಂತ್ರಕ್ಕೆ ಮರಳುತ್ತದೆ.

ಮೂರನೆಯ ದರ್ಜೆಯ ಹಣ್ಣಿನಿಂದ ಕಾಳು ಬಿಡಿಸಿ, ಐಕ್ಯೂಎಫ್ ಮಾಡಿಸಿ (ಬಿಡಿ ಬಿಡಿಯಾಗಿ ಹೆಪ್ಪುಗಟ್ಟಿಸಿ), ಮೈನಸ್ 18ರಲ್ಲಿ ದುಬೈನ ಜೆಬೆಲ್ ಅಲಿ ಬಂದರಿಗೆ ಒಂದಿಷ್ಟು ಕಳುಹಿಸಿದ್ದೂ ಉಂಟು. ಹೆಪ್ಪುಗಟ್ಟಿದ ಮಾಲಿನ ರೀತಿಯೇ ಬೇರೆ: ಅದು ಉಸಿರಾಡುವುದಿಲ್ಲವಾದ್ದರಿಂದ ವೆಂಟ್ ಪೂರ್ತಿ ಮುಚ್ಚಿರಬೇಕು, ಪೆಟ್ಟಿಗೆಗಳ ನಡುವೆ ಸಂದಿಲ್ಲದಂತೆ ಒತ್ತಾಗಿ ಜೋಡಿಸಬೇಕು, ಗಾಳಿ ಮಾಲಿನ ಸುತ್ತ ಹರಿದರೆ ಸಾಕು. ಬಂದರಿನ ದಾರಿಯಲ್ಲಿ ಲಾರಿಯ ಜನರೇಟರ್ ನಿಂತುಹೋಗಿ ಒಮ್ಮೆ ಬಿಡಿಬಿಡಿ ಕಾಳೆಲ್ಲ ಕರಗಿ, ಮತ್ತೆ ಹೆಪ್ಪುಗಟ್ಟಿ ಗಟ್ಟಿ ಇಟ್ಟಿಗೆಯಾಯಿತು, ಚಾಲಕ ಒಪ್ಪಲಿಲ್ಲ. ಅಂದಿನಿಂದ ಅರ್ಧ ನೀರು ತುಂಬಿ ನಿಲ್ಲಿಸಿ ಹೆಪ್ಪುಗಟ್ಟಿಸಿದ ಬಾಟಲಿಯೊಂದನ್ನು ಬಾಗಿಲ ಬಳಿಯ ಪೆಟ್ಟಿಗೆಯಲ್ಲಿ ತಲೆಕೆಳಗಾಗಿ ಇಡಿಸುತ್ತೇನೆ. ಮಂಜುಗಡ್ಡೆ ಮೇಲಿನಿಂದ ಕೆಳಗಿಳಿದಿದ್ದರೆ ನಡುವೆ ಕರಗಿದೆ ಎಂದರ್ಥ. ಲಾಭ ಕಿಲೋಗೆ ಹತ್ತು ರೂಪಾಯಿಯೂ ದಾಟದ್ದರಿಂದ ಆ ವ್ಯಾಪಾರವನ್ನು ಸದ್ಯ ಬದಿಗಿಟ್ಟಿದ್ದೇನೆ.

ಹಡಗು ಆರಿಸುವಾಗ ಕಂಟೇನರ್‌ಗೆ ನಾಲ್ಕೈದು ನೂರು ಡಾಲರ್ ಹೆಚ್ಚಾದರೂ ನೇರ ಸೇವೆಯನ್ನೇ ಹಿಡಿಯುತ್ತೇನೆ. ನಡುವೆ ಇನ್ನೊಂದು ಬಂದರಿನಲ್ಲಿ ಇಳಿಸಿ ಹತ್ತಿಸುವ ಸೇವೆಯಲ್ಲಿ ಮುಂದಿನ ಹಡಗು ತಪ್ಪಿದರೆ ವಾರವೇ ಹೋಗುತ್ತದೆ. ಪ್ರತಿ ಕಂಟೇನರ್‌ನ ಮಾಲಿನಿಂದ ಆರು ಪೆಟ್ಟಿಗೆಗಳನ್ನು ನಮ್ಮ ಶೀತಲಗೃಹದಲ್ಲೇ 6 ಡಿಗ್ರಿಯಲ್ಲಿ ಉಳಿಸಿಕೊಂಡು, ಖರೀದಿದಾರರು ಬಾಗಿಲು ತೆರೆಯುವ ದಿನವೇ ವಿಡಿಯೋ ಕರೆಯಲ್ಲಿ ಅವನ್ನೂ ತೆರೆಸುತ್ತೇನೆ. ಅಲ್ಲಿ ಕೆಟ್ಟು ಇಲ್ಲಿ ಚೆನ್ನಾಗಿದ್ದರೆ ಮಾತಿಗೆ ಆಧಾರವಿರುತ್ತದೆ. ಈ ಪೆಟ್ಟಿಗೆಗಳ ಬಲದಿಂದಲೇ ಮಾರಿದ ಮೇಲೆ ಬಂದಷ್ಟು ಕೊಡುವ ಕನ್ಸೈನ್‌ಮೆಂಟ್ ಪದ್ಧತಿ ಬಿಡಿಸಿ ಕನಿಷ್ಠ ದರಕ್ಕೆ ಅವರನ್ನು ಒಪ್ಪಿಸಿದ್ದೇನೆ: ಬಿಎಲ್ (ಹಡಗು ಕಂಪನಿ ಕೊಡುವ ಸರಕು ರಸೀದಿ) ಪ್ರತಿ ಕೈಸೇರಿದಾಗ ಶೇಕಡಾ 60, ಉಳಿದದ್ದು ಮಾಲು ಇಳಿದ ಮೂರು ದಿನದೊಳಗೆ. ಆ ಮೂರು ದಿನ ಕಳೆದ ಮೇಲೆ ಬಂದ ಯಾವ ಫೋಟೋವನ್ನೂ ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.