ಬರೆದ ಉಯಿಲನ್ನು ರದ್ದು ಮಾಡುವುದು ಹೇಗೆ?

ಮಂಡ್ಯದ ನಾಲೆ ಬಯಲಿನಲ್ಲಿ ನೀವೇ ದುಡಿದು ಕೊಂಡ ಎರಡು ಎಕರೆ ಗದ್ದೆ. ದೊಡ್ಡ ಮಗನ ಹೆಸರಿಗೆ ಉಯಿಲು ಬರೆದಿಟ್ಟಿದ್ದೀರಿ ಅನ್ನಿ. ಈಗ ಮನಸ್ಸು ಬದಲಾಗಿದೆ. ರದ್ದು ಮಾಡಬಹುದಾ?

ಧಾರಾಳವಾಗಿ. ಉಯಿಲಿಗೆ ಜೀವ ಬರುವುದು ಬರೆದವರು ತೀರಿಕೊಂಡ ಮೇಲೆ. ಬುದ್ಧಿ ಸ್ಥಿಮಿತದಲ್ಲಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು ಎನ್ನುತ್ತದೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 62ನೇ ಕಲಂ. ಮಗನ ಒಪ್ಪಿಗೆ ಬೇಡ. (ಮುಸ್ಲಿಮರ ಉಯಿಲಿಗೆ ಅವರ ವೈಯಕ್ತಿಕ ಕಾನೂನು ಅನ್ವಯಿಸುತ್ತದೆ.)

ಮೊದಲು ಹಳೆಯ ಉಯಿಲಿನ ಮೂಲಪ್ರತಿ ಎಲ್ಲಿದೆ ನೋಡಿ. ಅದನ್ನು ನೀವೇ ಹರಿದರೂ, ಸುಟ್ಟರೂ ರದ್ದಾಗುತ್ತದೆ, ಆದರೆ ರದ್ದು ಮಾಡುವ ಉದ್ದೇಶದಿಂದಲೇ ಹಾಗೆ ಮಾಡಿರಬೇಕು. ಬೇರೆಯವರ ಕೈಯಲ್ಲಿ ಹರಿಸುವುದಾದರೆ ನಿಮ್ಮ ಕಣ್ಣೆದುರಲ್ಲೇ, ನೀವು ಹೇಳಿಯೇ ಆಗಬೇಕು. ಫೋನಿನಲ್ಲಿ ‘ಹರಿದು ಬಿಸಾಕಪ್ಪ’ ಅಂದರೆ ಸಾಲದು. ಜೆರಾಕ್ಸ್ ಹರಿದರೂ ಅಷ್ಟೇ, ಸುಮ್ನೆ ಕೋಪ ತೀರುತ್ತದೆ. ಮೂಲಪ್ರತಿಯ ಮೇಲೆ ಗೀಟು ಎಳೆದು ‘ರದ್ದು’ ಅಂತ ಬರೆದು, ಸಹಿಯೂ ಸಾಕ್ಷಿಯೂ ಇಲ್ಲದೆ ಬಿಟ್ಟರೆ ಅದೂ ನಿಲ್ಲುವುದಿಲ್ಲ.

ನನ್ನನ್ನು ಕೇಳಿದರೆ ಹರಿಯುವುದಕ್ಕಿಂತ ಬರೆಯುವುದೇ ಮೇಲು. ಅದರಲ್ಲೂ ಉಯಿಲು ನೋಂದಣಿಯಾಗಿದ್ದರೆ ನೀವು ಹರಿದ ಮೇಲೂ ಅದರ ನಕಲು ಕಚೇರಿಯ ಪುಸ್ತಕದಲ್ಲಿ ಇರುತ್ತದೆ. ನಾಳೆ ಯಾರೋ ಅದನ್ನು ಹಿಡಿದು ಕೋರ್ಟಿಗೆ ಬರಬಹುದು, ಅಲ್ವಾ? ಹಾಗಾಗಿ ಹೊಸ ಉಯಿಲು ಬರೆಯಿರಿ, ಇಲ್ಲವೇ ರದ್ದು ಪತ್ರ ಮಾಡಿಸಿ. ಹೊಸ ಉಯಿಲಿಗೆ ಛಾಪಾ ಕಾಗದವೇ ಆಗಬೇಕೆಂದಿಲ್ಲ. ‘ಹಿಂದೆ ಬರೆದ ಎಲ್ಲ ಉಯಿಲುಗಳನ್ನು ರದ್ದು ಮಾಡಿದ್ದೇನೆ’ ಎಂಬ ಸಾಲು ಮಾತ್ರ ಬಿಡಬೇಡಿ. ಅದಿಲ್ಲದಿದ್ದರೆ ಹೊಸದರಲ್ಲಿ ಹೇಳದ ಆಸ್ತಿಗೆ ಹಳೆಯದೇ ಉಳಿಯಬಹುದು. ಇಬ್ಬರು ಸಾಕ್ಷಿಗಳು ಸಹಿ ಹಾಕಲಿ. ಆಸ್ತಿ ಪಡೆಯುವವರು ಸಾಕ್ಷಿಯಾಗದಿರುವುದು ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ. ಆದರೂ ಹಳೆಯದು ನೋಂದಣಿಯಾಗಿದ್ದರೆ ಇದನ್ನೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿಬಿಡಿ.

ಇನ್ನೊಂದು ಮಾತು. ಎರಡನೇ ಉಯಿಲು ಹರಿದರೆ ಮೊದಲನೆಯದು ತಾನಾಗಿ ಎದ್ದು ಕೂರುವುದಿಲ್ಲ. ಅದು ಬೇಕಾದರೆ ಮತ್ತೆ ಸಹಿ, ಸಾಕ್ಷಿ ಹಾಕಿಸಿ ಊರ್ಜಿತ ಮಾಡಬೇಕು.

ಜಿಪಿಎ, ಅಂದರೆ ನಿಮ್ಮ ಪರವಾಗಿ ವ್ಯವಹರಿಸಲು ಬೇರೆಯವರಿಗೆ ಬರೆದುಕೊಡುವ ಅಧಿಕಾರಪತ್ರ, ಕೊಟ್ಟಿದ್ದರೂ ಸಾಮಾನ್ಯವಾಗಿ ಹಿಂದಕ್ಕೆ ಪಡೆಯಬಹುದು, ಪಡೆದವರಿಗೆ ತಿಳಿಸಬೇಕು. ದಾನಪತ್ರ ಹಾಗಲ್ಲ. ನೋಂದಣಿಯಾಗಿ ಕೈದಾಟಿದರೆ ನೀವೊಬ್ಬರೇ ಹೋಗಿ ರದ್ದು ಮಾಡಲಾಗದು. 60 ವರ್ಷ ತುಂಬಿದವರು ‘ನನ್ನನ್ನು ನೋಡಿಕೊಳ್ಳಬೇಕು’ ಎಂಬ ಷರತ್ತು ಹಾಕಿ ಬರೆದುಕೊಟ್ಟಿದ್ದು, ಮಗ ನೋಡಿಕೊಳ್ಳದಿದ್ದರೆ ಮಾತ್ರ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಕೈಹಿಡಿಯುತ್ತದೆ. ಆ ಅರ್ಜಿ ಹಾಕಬೇಕಾದದ್ದು ಉಪವಿಭಾಗಾಧಿಕಾರಿಗಳ, ಅಂದರೆ ಎಸಿ ಅವರ, ನ್ಯಾಯಮಂಡಳಿಗೆ.